ಚೇಳಿನ ಕೊಂಡಿಯಲ್ಲೊಂದು ನಕ್ಷತ್ರ

ಟಿಕ್...

ತೀರಾ ಸಣ್ಣ ಸದ್ದು. ಊರೆಲ್ಲ ಮಲಗಿದ್ದ ಆ ಹೊತ್ತಿನಲ್ಲಿ ಅಷ್ಟಕ್ಕೇ ಮಾನಸಳ ಎದೆ ಧಸಕ್ಕೆಂದಿತು. ಮರುಕ್ಷಣವೇ ಕೆಳಗಿನಿಂದ ಟಾರ್ಚಿನ ಬೆಳಕು ನೇರ ಅವಳ ಮುಖಕ್ಕೆ ಬಿತ್ತು.

"ಯಾರ್ಲಾ ಅದು, ತಾರಸಿ ಮ್ಯಾಲೆ?"

"ಲಾ ಅಲ್ಲ, ಹೆಂಗಸು! ಮೊದಲು ಟಾರ್ಚ್ ಆರಿಸ್ರೀ! ಇಷ್ಟು ಹೊತ್ತು ಕತ್ತಲಿಗೆ ಕಣ್ಣು ಹೊಂದಿಸಿಕೊಂಡು ಕೂತಿದ್ದೆ, ಎಲ್ಲಾ ಹಾಳು ಮಾಡಿದ್ರಿ!"

ಬೆಳಕು ಆರಿತು. "ಅಯ್ಯೋ, ತಪ್ಪಾಯ್ತು ಕಣ್ರೀ... ಕಳ್ಳ ಯಾವನೋ ಪೈಪು ಹೊತ್ಕಂಡು ಓಯ್ತಾವ್ನೆ ಅನ್ಕಂಡೆ."

"ಪೈಪಲ್ಲ, ಟೆಲಿಸ್ಕೋಪು!"

ಪಕ್ಕದಲ್ಲಿ ಚಾಪೆಯ ಮೇಲೆ ಮಲಗಿದ್ದ ತಾಯಿ ಯಶೋದಮ್ಮ ಮುಸುಕು ಸರಿಸಿದರು. "ಕೆಂಪಣ್ಣನ ಮಗ ಚಲುವರಾಜು ಅಲ್ವೇನೋ? ನೀರು ಕಟ್ಟೋಕೆ ಹೊಂಟ್ಯಾ?"

"ಊ ಕಣಮ್ಮ. ಇವತ್ತು ರಾತ್ರಿ ನಮ್ಮ ಸರದಿ."

ಅದು ತೊಂಬತ್ತಾರರ ಮೇ ತಿಂಗಳು. ಅರಕೆರೆಯ ಗದ್ದೆಗಳಲ್ಲಿ ಬೇಸಿಗೆ ಭತ್ತ ನಿಂತಿತ್ತು. ನಾಲೆ ನೀರು ಸರದಿಯ ಮೇಲೆ ಬರುತ್ತಿದ್ದರಿಂದ ಚಲುವರಾಜು ಗುದ್ದಲಿ ಹಿಡಿದು ಅವರ ಮನೆಯ ಹಿಂದಿನಿಂದಲೇ ಹೋಗಬೇಕಿತ್ತು. ಶ್ರೀರಂಗಪಟ್ಟಣದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಹೇಳುತ್ತಿದ್ದ ಮಾನಸ ರಜೆಗೆಂದು ಕಾಲೇಜಿನ ಟೆಲಿಸ್ಕೋಪನ್ನು ಮನೆಗೆ ತಂದಿದ್ದಳು.

"ಒಂದ್ಸಲ ನೋಡ್ಬೋದಾ ಮೇಡಂ?"

ಅವಳು ತಾಯಿಯ ಮುಖ ನೋಡಿದಳು. "ನೋಡ್ಲಿ ಬುಡು, ಸವೆದೋಗ್ತದಾ?" ಎಂದು ಯಶೋದಮ್ಮ ಮತ್ತೆ ಮುಸುಕು ಎಳೆದುಕೊಂಡರು.

ಅವತ್ತಿನಿಂದ ನೀರಿನ ಸರದಿ ಬಂದಾಗಲೆಲ್ಲ ಚಲುವರಾಜು ತಾರಸಿಯ ಮೆಟ್ಟಿಲು ಹತ್ತತೊಡಗಿದ. ಅವನ ಪ್ರಶ್ನೆಗಳೋ... ಮುಗಿಯುತ್ತಲೇ ಇರಲಿಲ್ಲ!

"ದೊಡ್ಡ ನಕ್ಷತ್ರಕ್ಕೆ ಉರುವಲು ಜಾಸ್ತಿ. ಅಂದ್ಮೇಲೆ ಜಾಸ್ತಿ ದಿನ ಉರೀಬೇಕಲ್ವಾ ಮೇಡಂ?"

"ಉಲ್ಟಾ! ಭಾರ ಹೆಚ್ಚಿದಷ್ಟೂ ಒಳಗಿನ ಒತ್ತಡ, ಶಾಖ ಹೆಚ್ಚು. ಇದ್ದದ್ದನ್ನೆಲ್ಲ ದಡಬಡ ಉರಿಸಿಬಿಡುತ್ತೆ. ನಮ್ಮ ಸೂರ್ಯನದು ಹದವಾದ ತೂಕ, ಅದಕ್ಕೇ ಸಾವಿರ ಕೋಟಿ ವರ್ಷ ಬಾಳುತ್ತೆ. ಅದರ ಹತ್ತು ಪಟ್ಟು ಭಾರದ ನಕ್ಷತ್ರ ಎರಡು ಮೂರು ಕೋಟಿ ವರ್ಷಕ್ಕೇ ಸಿಡಿದು ಹೋಗುತ್ತೆ."

"ಪಾಪ! ದಂಡ ಆಗೋಯ್ತಲ್ಲ."

"ದಂಡ ಅಲ್ಲ ಕಣ್ರೀ. ಸಿಡಿದಾಗ ಅದರೊಳಗೆ ಬೆಂದದ್ದೆಲ್ಲ ಆಕಾಶಗಂಗೆಗೆ ಚೆಲ್ಲುತ್ತೆ, ನಾಲೆ ನೀರು ಗೋಡುಮಣ್ಣು ತಂದು ಗದ್ದೆಗೆ ಹಾಕೋ ಹಾಗೆ. ಅದರಲ್ಲೇ ಹೊಸ ನಕ್ಷತ್ರ ಹುಟ್ಟೋದು. ನಿಮ್ಮ ಗುದ್ದಲಿಯ ಕಬ್ಬಿಣವೂ ಹಾಗೆ ಬಂದಿದ್ದೇ."

ಅವನು ಗುದ್ದಲಿಯನ್ನು ಹೊಸ ನೆಂಟನನ್ನು ನೋಡುವಂತೆ ನೋಡಿದ. ಅವಳು ನಕ್ಕಳು. ನಗುತ್ತಲೇ ಒಳಗೊಳಗೆ ಹೆದರಿದಳು.

'ಇವನ ಮೇಲೆ ಮನಸ್ಸಿಟ್ಟರೆ ಗತಿಯೇನು?'

ಯಾಕೆಂದರೆ ಮಾನಸ ಹುಟ್ಟಿದ್ದು ಮೂಲಾ ನಕ್ಷತ್ರದಲ್ಲಿ. 'ಮೂಲಾ ಹೆಣ್ಣು ಮಾವನಿಗೆ ಗಂಡಾಂತರ' ಎಂದು ನಾಗಮಂಗಲದ ಸಂಬಂಧ ಮುರಿದಿತ್ತು. ಪಾಂಡವಪುರದವರು ಬಂದ ಕಾಲಲ್ಲೇ ತಿರುಗಿ ಹೋಗಿದ್ದರು. "ಪೂರ್ವಾಷಾಢ ಅಂತ ಜಾತಕ ಬರೆಸೋಣ, ಎಲ್ಲಾರೂ ಮಾಡ್ತಾರೆ" ಎಂದು ತಾಯಿ ಬೇಡಿಕೊಂಡಿದ್ದರು. "ಬೇಡಮ್ಮ. ಸುಳ್ಳು ಹೇಳಿ ಹೊಸಿಲು ದಾಟಿದರೆ, ಮಾವ ಕೆಮ್ಮಿದಾಗಲೆಲ್ಲ ನನ್ನ ಜೀವ ಹೋಗುತ್ತೆ" ಎಂದಿದ್ದಳು ಅವಳು.

ಚಲುವರಾಜುವಿನ ಅಪ್ಪ ಕೆಂಪಣ್ಣ ಗಟ್ಟಿಮುಟ್ಟಾಗಿದ್ದರು. ಅದೇ ಅವಳ ಸಂಕಟ!

ಒಂದು ರಾತ್ರಿ ದಕ್ಷಿಣದಲ್ಲಿ ಚೇಳಿನಾಕಾರದ ವೃಶ್ಚಿಕ ಮೇಲೆದ್ದಿತ್ತು. ಚಲುವರಾಜು ಕೇಳಿಯೇಬಿಟ್ಟ.

"ಮೇಡಂ, ಮೂಲಾ ನಕ್ಷತ್ರ ಅಂತಾರಲ್ಲ... ಅದ್ಯಾವುದು? ಅದ್ರ ಭಾರ ಎಷ್ಟು?"

ಮಾನಸ ಟೆಲಿಸ್ಕೋಪಿನಿಂದ ಕಣ್ಣು ತೆಗೆದಳು. 'ಗೊತ್ತಾಗಿಹೋಗಿದೆ. ಪರೀಕ್ಷೆ ಮಾಡಲು ಬಂದಿದ್ದಾನೆ!'

"ಯಾಕೆ? ನಿಮ್ಮಪ್ಪನ ಆಯಸ್ಸು ಲೆಕ್ಕ ಹಾಕಬೇಕಿತ್ತಾ? ಹೌದು, ನಾನು ಮೂಲಾದವಳೇ. ನೋಡಿದ್ದಾಯ್ತಲ್ಲ, ಹೊರಡಿ!"

"ಅಂಗಲ್ಲ ಕಣ್ರೀ..."

"ಹೊರಡಿ ಅಂದೆ!"

ಅವನು ಏನೋ ಹೊಳೆದವನಂತೆ ಸರಸರನೆ ಮೆಟ್ಟಿಲು ಇಳಿದು ಹೋದ.

ಮುಂದಿನ ಸರದಿಗೆ ಅವನು ತಾರಸಿ ಹತ್ತಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಮಾನಸ ಟೆಲಿಸ್ಕೋಪಿಗೆ ಬಟ್ಟೆ ಹೊದಿಸಿ, ಮುಖಕ್ಕೆ ಸೆರಗು ಒತ್ತಿಕೊಂಡು ಅತ್ತಳು.

ಆಮೇಲೊಂದು ರಾತ್ರಿ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಒಬ್ಬರದಲ್ಲ, ಇಬ್ಬರದು! ಚಲುವರಾಜುವಿನ ಹಿಂದೆ ಪಂಚೆ ಎತ್ತಿ ಕಟ್ಟಿದ್ದ ಕೆಂಪಣ್ಣ.

"ಎಲ್ಲವ್ವಾ ನನ್ನ ಯಮ?" ಎಂದರು ಅವರು. "ತೋರ್ಸು ನೋಡಾನ. ನನ್ಮಗ ದಿನಾ ತಲೆ ತಿಂತಾವ್ನೆ, ಮದ್ವೆ ಅಂತಾದ್ರೆ ಮೇಷ್ಟ್ರಮ್ಮನ್ನೇ ಅಂತ."

ಮಾನಸ ಕೊಳವೆಯನ್ನು ಚೇಳಿನ ಕೊಂಡಿಯಲ್ಲಿದ್ದ ಮೂಲಾದ ಕಡೆಗೆ ತಿರುಗಿಸಿದಳು. ಕೆಂಪಣ್ಣ ಬಗ್ಗಿ, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದರು.

"ಭಾರವೋ?"

"ಹೂಂ ಮಾವ. ಸೂರ್ಯನ ಹತ್ತು ಪಟ್ಟಿಗೂ ಹೆಚ್ಚು."

"ಅಂದ್ರೆ ಅದ್ಕೇ ಆಯಸ್ಸು ಕಮ್ಮಿ. ಇವ್ನು ಯೋಳ್ದ. ಎಷ್ಟು ದೂರ?"

"ನೀವೀಗ ನೋಡಿದ ಬೆಳಕು ಅಲ್ಲಿಂದ ಹೊರಟು ಐನೂರು ವರ್ಷದ ಮೇಲಾಯ್ತು."

"ಐನೂರು ವರ್ಸ! ನಮ್ಮ ತಾತನ ತಾತನೂ ಉಟ್ಟಿರ್ನಿಲ್ಲ, ಅವಾಗ್ಲೇ ಅರಕೆರೆ ಕೆಂಪಣ್ಣನ ಮೇಲೆ ಹಗೆ ಇಟ್ಕಂಡು ಹೊರಡ್ತಾ? ಅದ್ಕೇನು ಬ್ಯಾರೆ ಕ್ಯಾಮೆ ಇಲ್ವಾ?"

ಮಾನಸಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. "ಮಾವ, ನಾಳೆ ನಿಮಗೊಂದು ಜ್ವರ ಬಂದರೂ ಎಲ್ಲರೂ ನನ್ನ ಮುಖವನ್ನೇ ನೋಡ್ತಾರೆ."

"ಜ್ವರ ಬಂದ್ರೆ ಮಾತ್ರೆ ನುಂಗ್ತೀನಿ ಕಣವ್ವ. ಬಚ್ಚಿಟ್ಟು ಬರಾಕೆ ದಾರಿ ಇತ್ತು, ನೀನು ಬಚ್ಚಿಡಲಿಲ್ಲ. ನಂಗೆ ಅಷ್ಟು ಸಾಕು." ಮಗನ ಕಡೆ ತಿರುಗಿ, "ಲೇ, ನಾನು ತೂಬಿನ ತಾವ ಇರ್ತೀನಿ. ಬೇಗ ಬಾರ್ಲಾ" ಎಂದು ಇಳಿದು ಹೋದರು.

ಇಬ್ಬರೇ ಉಳಿದರು.

"ಮೂಲಾ ಯಾವುದು ಅಂತ ಅವತ್ತು ಯಾಕೆ ಕೇಳಿದ್ರಿ?"

"ಅದು ನನ್ನ ನಕ್ಷತ್ರ ಕಣ್ರೀ! ಮೂಲಾದಲ್ಲಿ ಉಟ್ಟಿದ ಗಂಡು ಅರಸಾಯ್ತಾನೆ ಅಂತ ನಮ್ಮವ್ವ ಚಿಕ್ಕೋನಿಂದ ಬೆಣ್ಣೆ ತಿನ್ಸವ್ರೆ. ನಿಮ್ದೂ ಅದೇ ಅಂತ ಗೊತ್ತಾಗಿದ್ದೇ ನೀವು ಬಯ್ದಾಗ."

"ಅದೇ ನಕ್ಷತ್ರ... ನಿಮಗೆ ಸಿಂಹಾಸನ, ನನಗೆ ಶಾಪ?"

"ಸಿಂಹಾಸನದಾಗೆ ಇಬ್ರಿಗೆ ಜಾಗ ಅದೆ. ಬತ್ತೀರಾ ಮಾನಸ?"

ಮೊದಲ ಸಲ ಅವನ ಬಾಯಲ್ಲಿ ಅವಳ ಹೆಸರು! ಅವಳು ಮೆಲ್ಲನೆ ಅವನ ಬೆರಳು ಹಿಡಿದಳು. "ಬರ್ತೀನಿ. ಮೆಲ್ಲಗೆ ಮಾತಾಡಿ, ಅಮ್ಮ ಎದ್ದಿದ್ದಾರೆ."

"ನಾನು ಎದ್ದಿಲ್ಲ!" ಎಂದಿತು ಮುಸುಕು.

ಬೆಳಿಗ್ಗೆ ಕೆಂಪಣ್ಣನ ಮುಂದೆ ಕಾಫಿ ಲೋಟ ಇಡುತ್ತಾ ಹೆಂಡತಿ ಜಯಲಕ್ಷ್ಮಮ್ಮ ಕೇಳಿದರು. "ಉಡ್ಗಿ ನಕ್ಷತ್ರ ಯಾವ್ದು, ಕೇಳ್ಕಂಡ್ರಾ?"

"ಕೇಳೋದೇನು? ಕಣ್ಣಾರೆ ನೋಡ್ಕಂಡು ಬಂದಿವ್ನಿ. ಫಳಫಳ ಹೊಳೀತದೆ."

"ಹೆಸರು?"

ಕೆಂಪಣ್ಣ ಲೋಟ ಎತ್ತಿಕೊಂಡರು. ಗಂಡಾಂತರ ಅಂತೊಂದು ಇದ್ದರೆ ಅದು ತನಗೆ. ತಾನೇ ಒಪ್ಪಿದ ಮೇಲೆ ಆ ಹೆಸರು ಮನೆಗೂ ಬೇಡ, ಊರಿಗೂ ಬೇಡ... ರಾತ್ರಿ ತೂಬಿನ ಹತ್ತಿರ ನಿಂತಾಗಲೇ ಅವರು ಹಾಗೆಂದು ತೀರ್ಮಾನಿಸಿಯಾಗಿತ್ತು.

"ಒಸಿ ಸಕ್ಕರೆ ಹಾಕು, ಸಪ್ಪೆ ಅದೆ" ಎಂದರು.