ಶುಭ ಶುಕ್ರವಾರದ ಒಬ್ಬಟ್ಟು

"ಅಯ್ಯೋ, ದಾರ! ದಾರ ತುಳೀತಿದ್ದೀಯಲ್ಲಾ!"

ಗಾರೆ ಬಾಣಲಿ ಹೊತ್ತಿದ್ದ ಮುತ್ಯಾಲಮ್ಮ ಬೆಚ್ಚಿ ನಿಂತಳು. ಕಾಲಿಗೆ ಸಿಕ್ಕಿದ ಅಳತೆಯ ದಾರ ಪಟ್ಟೆಂದು ಹರಿಯಿತು. ನಂದಿದುರ್ಗ ಚಿನ್ನದ ಗಣಿಯ ಕೂಲಿ ಲೈನುಗಳ ಪಕ್ಕದಲ್ಲಿ ಹೊಸ ಚರ್ಚು ಕಟ್ಟುತ್ತಿದ್ದ ಮೇಸ್ತ್ರಿ ಇನ್ನಾಸಪ್ಪ ತಲೆಯ ಮೇಲೆ ಕೈ ಹೊತ್ತುಕೊಂಡ.

"ಪೀಠ ಸೂರ್ಯ ಉಟ್ಟೋ ಕಡೆಗೇ ಇರ್ಬೇಕು. ಬೆಳಿಗ್ಗೆಯಿಂದ ನೋಡಿ ನೋಡಿ ಕಟ್ಟಿದ್ದೆ!"

"ಸೂರ್ಯ ನಾಳೇನೂ ಉಟ್ತಾನೆ. ಇನ್ನೊಂದ್ಸಲ ಕಟ್ಕೋ!"

ಬೈಯಲು ಬಾಯಿ ತೆರೆದವನು ನಕ್ಕುಬಿಟ್ಟ.

ಆ ನಗುವೇ ಅವಳನ್ನು ಕೆಡಿಸಿದ್ದು, ನೋಡಿ! ಪೀಠ ಮೇಲೇಳುವ ಹೊತ್ತಿಗೆ ಇಬ್ಬರ ಮನಸ್ಸೂ ಒಂದಾಗಿತ್ತು. ಬೇಕಾಗಿದ್ದುದು ಅವನ ತಾಯಿ ಲೂರ್ದಮ್ಮನ ಒಪ್ಪಿಗೆ ಮಾತ್ರ. ಅವ್ವ ಬೇಡ ಎಂದರೆ ಮದುವೆ ಇಲ್ಲ.

"ಶುಭ ಶುಕ್ರವಾರ ಕೆಲ್ಸ ಇಲ್ಲ. ಅವ್ವನೂ ಇಲ್ಲಿಗೆ ಪ್ರಾರ್ಥನೆಗೆ ಬತ್ತಾಳೆ," ಎಂದ ಒಂದು ಸಂಜೆ.

ಗುಡಿಯ ಹಬ್ಬಗಳಷ್ಟೇ ಗೊತ್ತಿದ್ದ ಮುತ್ಯಾಲಮ್ಮ ಹಿಗ್ಗಿದಳು. ಶುಭ ಶುಕ್ರವಾರ! ಹೆಸರಲ್ಲೇ ಶುಭ ಇದೆ... ಅತ್ತೆಯ ಕಣ್ಣಿಗೆ ಬೀಳೋಕೆ ಇದಕ್ಕಿಂತ ಒಳ್ಳೇ ದಿನ ಉಂಟೇ?

ಆ ಶುಕ್ರವಾರ ಅವಳು ಕೋಳಿ ಕೂಗುವ ಮೊದಲೇ ಎದ್ದು ಹೂರಣ ರುಬ್ಬಿದಳು. ಹಸಿರು ಬಳೆ ತೊಟ್ಟು, ಮೊಳ ಮಲ್ಲಿಗೆ ಮುಡಿದು, ಮಧ್ಯಾಹ್ನ ಗಲಗಲ ಎನ್ನುತ್ತಾ ಅರ್ಧ ಕಟ್ಟಿದ ಚರ್ಚಿನೊಳಗೆ ಹೋದಳು.

ಎಲ್ಲರೂ ಬಿಳಿ ಬಟ್ಟೆಯಲ್ಲಿ ಮೊಣಕಾಲೂರಿದ್ದರು. ಯಾರೋ ಬಿಕ್ಕುತ್ತಿದ್ದರು. ಅವಳಿಗೆ ಅದ್ಯಾವುದೂ ಹೊಳೆಯಲೇ ಇಲ್ಲ!

"ಅಮ್ಮಾ, ಅಬ್ಬದ ಒಬ್ಬಟ್ಟು! ಬಿಸಿಬಿಸಿಯಾಗೈತೆ."

ಇನ್ನಾಸಪ್ಪನ ಪಕ್ಕದಲ್ಲಿದ್ದ ಲೂರ್ದಮ್ಮನ ಮುಖ ಕೆಂಪಾಯಿತು.

"ನಮ್ ಸ್ವಾಮಿ ಶಿಲುಬೆ ಮೇಲೆ ಸತ್ತ ದಿನ ಕಣೇ ಇದು! ಸಾವಿನ ಮನೇಗೆ ಯಾರಾದ್ರೂ ಒಬ್ಬಟ್ಟು ತತ್ತಾರಾ? ಓಗು!"

ಮುತ್ಯಾಲಮ್ಮ ಇನ್ನಾಸಪ್ಪನತ್ತ ನೋಡಿದಳು. ಅವನ ಕಣ್ಣು ತುಂಬಿತ್ತು. ಆದರೆ ಕೈಯಿಂದ ಬಾಯಿ ಮುಚ್ಚಿಕೊಂಡು ತಲೆ ತಗ್ಗಿಸಿದ.

ಒಂದು ಮಾತು... ನನ್ನ ಪರವಾಗಿ ಒಂದೇ ಒಂದು ಮಾತು ಆಡಬಾರದಿತ್ತೇ?

ಮನೆಗೆ ಓಡಿ ಬಂದು ಚಿಲಕ ಹಾಕಿಕೊಂಡಳು. ಆಮೇಲೆ ಯಾರು ಬಾಗಿಲು ಬಡಿದರೂ ತೆರೆಯಲಿಲ್ಲ.

ಭಾನುವಾರ ಬೆಳಿಗ್ಗೆ ನೀರಿಗೆಂದು ಬಾಗಿಲು ತೆರೆದರೆ, ಜಗಲಿಯ ಮೇಲೆ ಲೂರ್ದಮ್ಮ ಕೂತಿದ್ದಾರೆ! ಪಕ್ಕದಲ್ಲಿ ಮಗ.

"ಇವತ್ತು ಸ್ವಾಮಿ ಎದ್ದು ಬಂದ ದಿನ. ಉಪವಾಸ ಮುಗೀತು. ಒಬ್ಬಟ್ಟು ಎಲ್ಲೇ?" ಎಂದರು ಲೂರ್ದಮ್ಮ. ಮತ್ತೆ ಮೆಲ್ಲಗೆ, "ಇವ್ನು ಎಲ್ಲಾ ಏಳ್ದ. ಆ ದಿನಕ್ಕೆ ಶುಭ ಅಂತ ಎಸ್ರಿಟ್ಟೋರು ನಾವು. ತಪ್ಪು ನಿಂದೆಂಗಾಯ್ತು? ನನ್ ಸೊಸೆ ನೀನೇ, ಅಳಬ್ಯಾಡ."

ಅವಳಿಗೆ ಮತ್ತಷ್ಟು ಅಳು ಬಂತು. ಆದರೂ ಒಳಗೆ ಹೋಗಿ ಒಲೆ ಹಚ್ಚಿದಳು. ಹಿಂದೆಯೇ ಬಂದ ಇನ್ನಾಸಪ್ಪನಿಗೆ ಬೆನ್ನು ತಿರುಗಿಸಿದಳು.

"ಅವತ್ತು ಯಾಕ್ ಮಾತಾಡ್ಲಿಲ್ಲ?"

"ಶುಭ ಶುಕ್ರವಾರ ಮೂರು ಗಂಟೆವರೆಗೂ ಬಾಯಿ ಬಿಡಲ್ಲ ಅಂತ ಅರಕೆ ಒತ್ತಿದ್ದೆ. ಮೂರು ಒಡೀತಿದ್ದಂಗೇ ಓಡಿ ಬಂದೆ, ನೀನು ಬಾಗ್ಲು ತೆಗೀಲೇ ಇಲ್ಲ..."

"ಅಂಥಾ ಅರಕೆ ಏನಕ್ಕೆ?"

"ನೀನು ಸಿಗ್ಬೇಕು ಅಂತ."