ಅಪರಿಚಿತರಿಗೆ ಹತ್ತು ಸೆಕೆಂಡು

ಪಿಸ್ತೂಲಿನ ಮೂತಿ ನನ್ನ ಕಿವಿಯ ಹಿಂದೆ ತಣ್ಣಗೆ ಕೂತಿತ್ತು.

ಆ ಕೋಣೆಯಲ್ಲಿ ತಣ್ಣಗಿದ್ದದ್ದು ಅದೊಂದೇ!

ನಲವತ್ತು ಕಂಪ್ಯೂಟರುಗಳು ಕುಲುಮೆಯಂತೆ ಕಾದು ಬುಸುಗುಡುತ್ತಿದ್ದವು. ಹೊರಗೆ ಹಲ್ಲು ಕಟಕಟಿಸುವ ಚಳಿ. ಆದರೂ ಈ ಮಹಡಿಯಲ್ಲಿ ಹನ್ನೊಂದು ಎಸಿ! ಫುಟ್‌ಪಾತಿನ ಮೇಲೆ ತೊಟ್ಟಿಕ್ಕುತ್ತಿದ್ದ ಅವುಗಳ ನೀರಿನ ಜಾಡು ಹಿಡಿದೇ ನಾನು ಮೇಲೆ ಹತ್ತಿದ್ದೆ. ಹತ್ತಿ... ಸಿಕ್ಕಿಬಿದ್ದಿದ್ದೆ.

"ಪತ್ತೇದಾರಪ್ಪಾ, ನಿನ್ನ ತಂಗಿ ಪಾಸ್‌ವರ್ಡ್ ಹೇಳು," ಎಂದ ಎಣ್ಣೆರಾಯ.

ಕೇಳದವರಿಗೂ ಲಕ್ಷಗಟ್ಟಲೆ ಕೂದಲೆಣ್ಣೆಯ ಮೇಲ್ ಕಳಿಸುವುದು ಅವನ ಕಸುಬು. ಅವನ ತಲೆ ಮಾತ್ರ ನುಣ್ಣಗೆ ಬೋಳು!

ತಂಗಿ ರಕ್ತದಾನಿಗಳ ಪಟ್ಟಿ ನೋಡಿಕೊಳ್ಳುವವಳು. ಹೋದ ವರ್ಷ ಒಬ್ಬ ಬಾಣಂತಿಗೆ ರಕ್ತ ಬೇಕೆಂದು ಆಸ್ಪತ್ರೆಯಿಂದ ಬಂದ ಮೇಲ್, ಇವನ ನಾಲ್ಕು ಸಾವಿರ ಮೇಲ್‌ಗಳಡಿ ಹೂತುಹೋಯಿತು. ಆ ತಾಯಿ ಉಳಿದದ್ದು ದೇವರ ದಯೆ. ತಂಗಿ ನಿದ್ದೆಗೆಟ್ಟು ಒಂದು ಕಾವಲು ಕಟ್ಟಿದಳು. ಪರಿಚಯದವರ ಮೇಲ್ ನೇರ ಒಳಗೆ. ಅಪರಿಚಿತರದಾದರೆ, ಒಂದೊಂದು ಪತ್ರಕ್ಕೂ ಅವರ ಕಂಪ್ಯೂಟರು ಹತ್ತು ಸೆಕೆಂಡು ತಿಣುಕಿ ಒಂದು ಲೆಕ್ಕ ಬಿಡಿಸಬೇಕು. ಒಂದು ಪತ್ರ ಬರೆಯುವವನಿಗೆ ಅದೊಂದು ಲೆಕ್ಕವೇ ಅಲ್ಲ.

ಇವನಂತೆ ಒಮ್ಮೆಗೇ ಎಂಬತ್ತು ಲಕ್ಷ ಕಳಿಸುವವನಿಗೆ...?

ಮೇಲ್ ಕಂಪನಿಗಳೆಲ್ಲ ಆ ಕಾವಲನ್ನೇ ಹಾಕಿಕೊಂಡವು. ಅದನ್ನು ತೆರೆಯುವ ಪಾಸ್‌ವರ್ಡ್ ಮಾತ್ರ ತಂಗಿಯ ಬಳಿಯೇ ಉಳಿಯಿತು.

"ಐದು ಎಣಿಸ್ತೀನಿ."

"ನಿನ್ನ ಮಷೀನುಗಳು ಎಣಿಸ್ತಾ ಇರೋದು ಸಾಲದಾ?"

ಮೂತಿ ಒತ್ತಿತು.

"ನೀನು ಸತ್ರೆ ತಂಗಿ ಅಳ್ತಾಳೆ ಕಣೋ!"

"ಪಾಸ್‌ವರ್ಡ್ ಕೊಟ್ರೆ ಬೈತಾಳೆ. ಅದು ಇನ್ನೂ ಕಷ್ಟ."

ಬಾಯಿ ಹಾಗೆಂದಿತು. ಎದೆ ದೇವರನ್ನು ಕೂಗುತ್ತಿತ್ತು.

ಕೆಳಗೆ ಸೈರನ್!

ಅರ್ಧ ಗಂಟೆಯಲ್ಲಿ ನನ್ನ ಫೋನ್ ಬಾರದಿದ್ದರೆ ಈ ವಿಳಾಸಕ್ಕೆ ಪೊಲೀಸರನ್ನು ಕಳಿಸು ಎಂದು ತಂಗಿಗೆ ಹೇಳಿದ್ದೆ. ಅವಳು ನಿಮಿಷ ತಪ್ಪುವವಳಲ್ಲ.

ಎಣ್ಣೆರಾಯ ಪಕ್ಕದ ಕಂಪ್ಯೂಟರಿನಲ್ಲೇ ಒಂದೇ ಕೈಯಲ್ಲಿ ಡ್ರೈವರನಿಗೆ ಮೇಲ್ ಕುಟ್ಟಿದ. 'ಕಾರು ಹಿಂದಿನ ಗೇಟಿಗೆ. ಈಗಲೇ.'

"ಫೋನ್ ಇಲ್ವಾ?" ಎಂದೆ.

"ಫೋನ್ ಹಿಡಿದೋನು ಸಿಕ್ಕಿಬೀಳ್ತಾನೆ. ನಮ್ದೆಲ್ಲ ಮೇಲು. ಅದೂ ದಿನಕ್ಕೊಂದು ಹೊಸ ವಿಳಾಸ. ನಡಿ!"

ಕಾಲರ್ ಹಿಡಿದು ದರದರ ಎಳೆದ. ಆರು ಮಹಡಿ. ಕತ್ತಲ ಮೆಟ್ಟಿಲು. ಮೊಣಕಾಲು ಗೋಡೆಗೆ ಬಡಿಯಿತು. ಹಿಂದೆ ಬೂಟುಗಳ ಸದ್ದು... ಹತ್ತಿರ... ಇನ್ನೂ ಹತ್ತಿರ!

ಹಿಂದಿನ ಗೇಟು.

ಕಾರಿಲ್ಲ. ಬಿಸಿಲು ಕಾಯಿಸುತ್ತ ಮಲಗಿದ್ದ ನಾಯಿಯೊಂದು ನಮ್ಮನ್ನು ನೋಡಿ ಆಕಳಿಸಿತು.

ಅವನು ರಸ್ತೆಯತ್ತ ಕತ್ತು ಚಾಚಿದ. ಅಷ್ಟು ಸಾಕಾಯಿತು. ಅವನ ಮಣಿಕಟ್ಟು ಹಿಡಿದು ತಿರುಚಿದೆ. ಪಿಸ್ತೂಲು ಚರಂಡಿ ಸೇರಿತು. ಪೊಲೀಸರು ಬೇಡಿ ತೊಡಿಸಿದರು.

"ಡ್ರೈವರ್ ಕೈಕೊಟ್ಟ... ದ್ರೋಹಿ!"

"ಪಾಪ, ಅವನನ್ನ ಬೈಬೇಡ. ದಿನಕ್ಕೊಂದು ವಿಳಾಸ ಅಂದ್ಯಲ್ಲ? ಅವನ ಮೇಲಿಗೂ ನೀನು ಅಪರಿಚಿತನೇ. ನಿನ್ನ ಪತ್ರ ಎಂಬತ್ತು ಲಕ್ಷ ಕೂದಲೆಣ್ಣೆ ಹಿಂದೆ ಕ್ಯೂ ನಿಂತಿದೆ!"

ಅವನು ತಲೆಯೆತ್ತಿ ಆರನೇ ಮಹಡಿಯತ್ತ ನೋಡಿದ.

"ಹಾಗಾದ್ರೆ... ಕಾರು?"

"ಬರುತ್ತೆ. ನಲವತ್ತು ಮಷೀನು, ಪತ್ರಕ್ಕೆ ಹತ್ತು ಸೆಕೆಂಡು... ಇಪ್ಪತ್ತಮೂರು ದಿನ ಕಾಯಿ."