ಮಧ್ಯಾಹ್ನದ ಏದುಸಿರು

"ಬೌ!"

ಗೇಟಿನ ಹೊರಗೆ ನಿಂತಿದ್ದ ಜಯದೇವಿ ಗಾಬರಿಯಾಗಿ ಹಿಂದೆ ಸರಿದಳು.

ಬೊಗಳಿದ್ದು ನಾಯಿಯಲ್ಲ. ಗಂಡಸು! ಬೇವಿನ ಮರದ ಕೆಳಗೆ ಕೈಕಾಲೂರಿ ಕೂತು, ಕರಡಿಯಂಥ ಒಂದು ಅಲ್ಸೇಷಿಯನ್ ನಾಯಿಯ ಮೂಗಿಗೆ ಮೂಗು ತಾಗಿಸಿ ಬೊಗಳುತ್ತಿದ್ದ. ಆ ನಾಯಿಯೋ, ಪರೀಕ್ಷೆಯಲ್ಲಿ ಪಾಠದಲ್ಲಿಲ್ಲದ ಪ್ರಶ್ನೆ ಬಂದ ಹುಡುಗನಂತೆ ಅವನನ್ನೇ ನೋಡುತ್ತಿತ್ತು.

"ಇಲ್ಲಿ ಯಜಮಾನರು ಯಾರ್ರಿ?" ಎಂದಳು ಜಯದೇವಿ.

ಅವನು ಗಕ್ಕನೆ ತಿರುಗಿದ. ಆಟದ ಭರದಲ್ಲಿ ಉತ್ತರವೂ ಅದೇ ಭಾಷೆಯಲ್ಲಿ ಬಂದುಬಿಟ್ಟಿತು. "ಬೌ!"

ಅವನ ಕಿವಿಗಳು ಕೆಂಪಗಾದವು. ಮೊಣಕಾಲ ಮಣ್ಣು ಜಾಡಿಸಿಕೊಂಡು ಎದ್ದು ನಿಂತ.

"ನಾನ ಯಜಮಾನ್ರಿ... ಕಾಶಿರಾಯ ಅಂತ. ತಪ್ಪ ತಿಳ್ಕೋಬ್ಯಾಡ್ರಿ. ನಮ್ಮ ರಾಜಾ ಅವರು ಮುಂಜಾನಿಂದ ಮುನಿಸ್ಕೊಂಡಾರ. ರಮಿಸಾಕತ್ತಿದ್ದೆ."

ನಾಯಿಗೂ ಬಹುವಚನ! ಅಲ್ಲ ಅಲ್ಲ, ಬೌವಚನ. ಜಯದೇವಿಗೆ ನಗು ಬಂತು. ಆದರೆ ನಗಲು ಅವಳು ಅಲ್ಲಿಗೆ ಬಂದಿರಲಿಲ್ಲ. ತೋಳಿನಲ್ಲಿ ಅವಳ ಜೀವವೇ ಇತ್ತು: ಅವಳ ನಾಯಿ ಸುಸಲಾ.

ಬಿಳಿ ಮೈ, ಅದರ ಮೇಲೆ ಅಲ್ಲಲ್ಲಿ ಅರಿಶಿಣ ಬಣ್ಣದ ಮಚ್ಚೆ. ಮರಿಯಾಗಿದ್ದಾಗ ಬಸ್ ಸ್ಟ್ಯಾಂಡಿನ ಹೋಟೆಲ್ ಮುಂದೆ ಸಿಕ್ಕಿತ್ತು. ನೆನೆಸಿದ ಮಂಡಕ್ಕಿಗೆ ಒಗ್ಗರಣೆ ಹಾಕಿದ ಸುಸಲಾ ತಟ್ಟೆಯ ಹಾಗೇ ಕಂಡಿದ್ದರಿಂದ ಆ ತಿಂಡಿಯ ಹೆಸರೇ ಅದಕ್ಕೂ ಬಂತು.

ಜಯದೇವಿ ಟೆಲಿಫೋನ್ ಆಪರೇಟರ್. ಕಲಬುರಗಿ ಎಕ್ಸ್‌ಚೇಂಜಿನಲ್ಲಿದ್ದಾಗ ಮಧ್ಯಾಹ್ನ ಮನೆಗೆ ಬಂದು, ಸುಸಲಾಗೆ ರೊಟ್ಟಿ ಮುರಿದು ಹಾಕಿ, ನಾಲ್ಕು ಮಾತಾಡಿ ಹೋಗುತ್ತಿದ್ದಳು. ಈಗ ಕಮಲಾಪುರಕ್ಕೆ ವರ್ಗವಾಗಿತ್ತು. ಬೆಳಗ್ಗೆ ಬಸ್ಸು ಹತ್ತಿದರೆ ವಾಪಸಾಗುವುದು ಸಂಜೆ. ಸುಸಲಾ ದಿನವಿಡೀ ಬಾಗಿಲ ಹಿಂದೆ ಕೂತು ಅಳುತ್ತಿತ್ತು. ಓಣಿಗೆಲ್ಲ ಕೇಳುವಂತೆ!

ಸ್ಟೇಶನ್ ಬಜಾರದ ಹಿಂದಿನ ಆ ಬಾಡಿಗೆ ಮನೆಯ ಮಾಲಕಿ ಸೂಗಮ್ಮ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. "ನೋಡ್ ಜಯಾ, ನೀ ಬಂಗಾರದಂಥ ಹುಡುಗಿ. ಖರೇ. ಆದ್ರ ಇದರ ಒದರಾಟ ನಿಲ್ಲಬೇಕು. ನಿಲ್ಲಲಿಲ್ಲಂದ್ರ ನಾಯಿನರೇ ಬಿಡು, ಮನಿನರೇ ಬಿಡು."

ನಾಯಿ ಬಿಡುವುದೇ? ಅಪ್ಪ ಅವ್ವ ಇಲ್ಲದ ತನಗೆ ಸಂಜೆ ಬಾಗಿಲು ತೆರೆದಾಗ ಮೈಮೇಲೆ ಹಾರಿ ಬರುವ ಜೀವ ಇದೊಂದೇ...

ಹಾಗಾಗಿ ಹುಡುಕಾಟ ಶುರುವಾಗಿತ್ತು. ಹಗಲು ನಾಯಿ ನೋಡಿಕೊಳ್ಳುತ್ತೇವೆಂದ ಒಬ್ಬರು ಲಾಡ್ಜಿನ ಮೆಟ್ಟಿಲ ಕೆಳಗೆ ಸರಪಳಿ ತೋರಿಸಿದ್ದರು. ಇನ್ನೊಂದು ಕಡೆ ನಾಯಿಗಳು ಗೊಂಬೆಗಳ ಹಾಗೆ ಮಲಗಿದ್ದವು. "ನಮ್ಮಲ್ಲಿ ಒಂದೂ ಪಿಟಕ್ ಅನ್ನೂದಿಲ್ಲ ನೋಡ್ರಿ" ಎಂದು ಆ ಮನೆಯಾಕೆ ಹೆಮ್ಮೆಪಟ್ಟಾಗ ಜಯದೇವಿಗೆ ಮೈ ಜುಂ ಎಂದಿತ್ತು. ಪಿಟಕ್ ಅನ್ನದ ನಾಯಿ ಅದೆಂಥ ನಾಯಿ?

ಇಲ್ಲಿ, ಊರಂಚಿನ ಕುಸನೂರಿನ ಈ ಅಂಗಳದಲ್ಲಿ, ನಾಯಿಗಳು ಬಾಲ ಮೇಲೆತ್ತಿ ಓಡಾಡುತ್ತಿದ್ದವು. ನೆರಳಿತ್ತು. ನೀರಿನ ತೊಟ್ಟಿ ತಿಕ್ಕಿ ತೊಳೆದಿತ್ತು. ವಿಶ್ವವಿದ್ಯಾಲಯದ ಮೇಷ್ಟ್ರುಗಳು ಪಾಠಕ್ಕೆ ಹೋಗುವಾಗ ತಮ್ಮ ನಾಯಿಗಳನ್ನು ಇಲ್ಲೇ ಬಿಡುತ್ತಿದ್ದರು. ಗೇಟಿನ ಒಳಮೈಗೆ, ನಾಯಿಗಳಿಗೆ ಕಾಣುವ ಹಾಗೆ, ಒಂದು ಬೋರ್ಡು: 'ಮನುಷ್ಯರಿದ್ದಾರೆ, ಎಚ್ಚರಿಕೆ!'

"ಹೆಸರು ಏನ್ರಿ ಇದರದು? ಯಾದಕ್ಕ ಅಂಜತದ? ಎಲ್ಲಿ ತುರಿಸಿದ್ರ ಖುಷಿ?" ಕಾಶಿರಾಯ ಒಂದೇ ಉಸಿರಿಗೆ ಕೇಳಿದ.

ಜಯದೇವಿ ಬೆರಗಾದಳು. ಬೇರೆಯವರೆಲ್ಲ ಅವಳ ಬಗ್ಗೆ ಕೇಳಿದ್ದರು: ಎಲ್ಲಿ ನೌಕರಿ, ಲಗ್ನ ಆಗಿದೆಯಾ... ನಾಯಿಯ ಬಗ್ಗೆ ಕೇಳಿದವನು ಇವನೊಬ್ಬನೇ!

"ಪಟಾಕಿಗೆ ಅಂಜತದ್ರಿ. ಎಡಗಿವಿ ಹಿಂದ ತುರಿಸಬೇಕು. ಆದ್ರ ಒಂದ್ ಮಾತು... ಇದು ಉಪವಾಸ ಬಿತ್ತಂದ್ರ ಅವತ್ತೇ ಕರ್ಕೊಂಡು ಹೋಗ್ತೇನಿ."

"ಆತ್ರಿ. ನಂದೂ ಒಂದ್ ಮಾತು. ಮೊದಲ ಅರ್ಧ ದಿನ ಬಿಟ್ಟು ನೋಡ್ರಿ. ಹೊಂದಿದ್ರ ಪೂರ್ತಿ."

ಆ ಅರ್ಧ ದಿನ ಪೂರ್ತಿಯಾಯಿತು. ದಿನಗಳು ವಾರಗಳಾದವು. ಬೆಳಗ್ಗೆ ಲೂನಾ ಗಾಡಿಯ ಮುಂದೆ ಸುಸಲಾನನ್ನು ಕೂರಿಸಿಕೊಂಡು ಕುಸನೂರಿಗೆ ಬಿಟ್ಟು ಬಸ್ಸು ಹಿಡಿಯುವುದು, ಸಂಜೆ ಕರೆದುಕೊಂಡು ಹೋಗುವುದು. ಓಣಿ ಶಾಂತವಾಯಿತು. ಸೂಗಮ್ಮ ಮತ್ತೆ ಸಾರು ಕೊಡತೊಡಗಿದಳು.

ಸಂಜೆಗಳು ಮಾತ್ರ ಉದ್ದವಾಗುತ್ತ ಹೋದವು! ಕಾಶಿರಾಯ ಮೇಷ್ಟ್ರುಗಳನ್ನೂ ಅವರ ನಾಯಿಗಳನ್ನೂ ಅಣಕಿಸಿ ತೋರಿಸುತ್ತಿದ್ದ. ಇತಿಹಾಸದ ಮೇಷ್ಟ್ರು ಕೆಮ್ಮುವುದು, ಅವರ ನಾಯಿ ಥೇಟ್ ಅವರಂತೆಯೇ ಕೆಮ್ಮಿ ಬೊಗಳುವುದು... ಜಯದೇವಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

'ಇವನ ಎದುರು ನಗುವಾಗ ಸೆರಗು ಬಾಯಿಗೆ ಅಡ್ಡ ಹಿಡಿಯಬೇಕು ಅಂತ ನೆನಪೇ ಆಗುವುದಿಲ್ಲವಲ್ಲ!'

"ಊಟ ಮಾಡ್ತದೇನ್ರಿ ಸುಸಲಾ?"

"ತಟ್ಟಿ ನೆಕ್ಕಿ ಸ್ವಚ್ಛ ಮಾಡ್ತದ್ರಿ" ಎನ್ನುತ್ತಿದ್ದ ಅವನು, ನೆಲ ನೋಡುತ್ತ. ಯಾಕೆ ನೆಲ ನೋಡುತ್ತಾನೆಂದು ಅವಳು ಕೇಳಲಿಲ್ಲ.

ಅದೇ ದಿನಗಳಲ್ಲಿ ಆ ಫೋನು ಶುರುವಾದದ್ದು.

ಮಧ್ಯಾಹ್ನ ಊಟದ ಹೊತ್ತು. ಕಲಬುರಗಿ ಲೈನಿನ ಗಂಟೆ ಹೊಡೆದುಕೊಳ್ಳುತ್ತಿತ್ತು. ಜಯದೇವಿ ಸ್ವಿಚ್‌ಬೋರ್ಡಿಗೆ ಆ ಲೈನಿನ ಪಿನ್ನು ಚುಚ್ಚಿ, "ನಮಸ್ಕಾರ, ಕಮಲಾಪುರ. ಯಾರ್ ಬೇಕಾಗಿತ್ರಿ?" ಎನ್ನುತ್ತಿದ್ದಳು.

ಆ ಕಡೆಯಿಂದ ಮಾತೇ ಇಲ್ಲ. ಬರೀ ಉಸಿರು.

"ಹ್ಹಾ... ಹ್ಹಾ... ಹ್ಹಾ... ಹ್ಹಾ..."

ಮೊದಲ ದಿನ ಲೈನ್ ಕೆಟ್ಟಿದೆ ಅಂದುಕೊಂಡಳು. ಮರುದಿನವೂ ಅದೇ. ಅದರ ಮರುದಿನವೂ! ಅವಳು ಗದರಿದಷ್ಟೂ ಆ ಏದುಸಿರು ಹೆಚ್ಚುತ್ತಿತ್ತು, ಬೈಗುಳವೆಂದರೆ ಹಬ್ಬ ಅನ್ನುವಂತೆ.

"ನಾಚಿಕಿ ಇಲ್ಲೇನೋ ನಿನಗ? ನಾಯಿ! ನಿನ್ನ ಬಾಯಾಗ ಮಣ್ಣ ಹಾಕ! ಮನ್ಯಾಗ ಅವ್ವ, ಅಕ್ಕ, ತಂಗಿ ಯಾರೂ ಇಲ್ಲೇನು?"

"ಹ್ಹಾ! ಹ್ಹಾ! ಹ್ಹಾ!"

ಅವಳು ಪಿನ್ನು ಕಿತ್ತುಬಿಡುತ್ತಿದ್ದಳು. ಒಂದು ಸಂಜೆ ತಡೆಯಲಾಗದೆ ಕಾಶಿರಾಯನ ಮುಂದೆ ಬಾಯಿಬಿಟ್ಟಳು. "ಯಾವನೋ ಒಬ್ಬ ಫೋನಿನ್ಯಾಗ ಭಾಳ ಕಾಡಾಕತ್ಯಾನ್ರಿ. ಹೊಲಸು ಮನಸಿನವ."

ಕಾಶಿರಾಯನ ಮುಖ ಕೆಂಪಾಯಿತು. "ಯಾರಂತ ಒಮ್ಮೆ ಗೊತ್ತಾಗ್ಲಿ! ಅಂಥವನ ಮ್ಯಾಲ ನಮ್ಮ ರಾಜಾ ಅವರನ್ನ ಬಿಡಬೇಕು!"

ಆ ಸಿಟ್ಟು ನೋಡಿ ಅವಳ ಎದೆ ತುಂಬಿ ಬಂತು. 'ನನಗಾಗಿ ಸಿಟ್ಟಾಗುವವರೂ ಒಬ್ಬರಿದ್ದಾರೆ...'

ಕಮಲಾಪುರದ ಹಿರಿಯ ಆಪರೇಟರ್ ಶಾರದಾಬಾಯಿ ಸುಮ್ಮನಿರುವ ಹೆಂಗಸಲ್ಲ. "ಅಳಾದು ಬಿಡು ತಂಗಿ. ಎಲ್ಲಿಂದ ಮಾಡ್ತಾನ ಅಂತ ನಾ ಹುಡುಕಸ್ತೇನಿ" ಎಂದು ಕಲಬುರಗಿ ಎಕ್ಸ್‌ಚೇಂಜಿನ ಗೆಳತಿಗೆ ಹೇಳಿದಳು.

ಮರುದಿನ ಉತ್ತರ ಬಂತು. "ಕುಸನೂರಿನಾಗ ಇಮಾಮುದ್ದೀನ್ ಅಂತ ಒಬ್ಬಾವನ ಅಂಗಡಿ ಫೋನಂತ. ಮಾಡಾಂವ ಬಾಜೂ ಅಂಗಳದಾಂವ. ಕಾಶಿರಾಯ ಅಂತ."

ಜಯದೇವಿಯ ಕೈಯಲ್ಲಿದ್ದ ಪಿನ್ನು ಜಾರಿ ಬಿತ್ತು.

ಕಾಶಿರಾಯ?! ತನ್ನನ್ನು ನಗಿಸುವ ಕಾಶಿರಾಯ? ಎದುರಿಗೆ ನೆಲ ನೋಡುವವನು, ಮರೆಯಲ್ಲಿ ಹೀಗೆ? ರಾಜಾನನ್ನು ಬಿಡಬೇಕು ಅಂದದ್ದೆಲ್ಲ ನಾಟಕವೇ? ನಾಯಿಯ ದನಿ, ಮೇಷ್ಟ್ರ ದನಿ ತೆಗೆಯುವವನು ಒಳ್ಳೆಯವನ ದನಿಯನ್ನೂ ತೆಗೆದನೇ?

ಆ ಸಂಜೆ ಅವಳು ಗೇಟಿನ ಒಳಗೂ ಬರಲಿಲ್ಲ.

"ಮಧ್ಯಾಹ್ನ ಕಮಲಾಪುರಕ್ಕ ಫೋನ್ ಮಾಡಾವ್ರು ನೀವ ಏನು?"

ಕಾಶಿರಾಯ ತಡವರಿಸಿದ. ಗುಟ್ಟು ಹೊರಬಿದ್ದ ನಾಚಿಕೆಯಿಂದ ಸಣ್ಣಗೆ ನಕ್ಕ. ಆ ನಗುವೇ ಅವನಿಗೆ ಮುಳುವಾಯಿತು.

"ಹೌದ್ರಿ... ನಿಮಗ ಹೇಳಬೇಕಂತಿದ್ದೆ. ಆದ್ರ..."

"ಸಾಕು! ಇನ್ನೊಂದ್ ಮಾತು ಆಡಬ್ಯಾಡ್ರಿ. ಬೋರ್ಡಿನ್ಯಾಗ ಸರಿಯಾಗೇ ಬರ್ದೀರಿ, ಮನುಷ್ಯರಿದ್ದಾರೆ, ಎಚ್ಚರಿಕೆ ಅಂತ. ನಾನ ಓದಿ ತಿಳ್ಕೊಳ್ಳಿಲ್ಲ!"

ಗೇಟಿಗೆ ಓಡಿಬಂದ ಸುಸಲಾನನ್ನು ಎತ್ತಿಕೊಂಡು ಅವಳು ಹೊರಟೇಬಿಟ್ಟಳು. ಸುಸಲಾ ಅವಳ ಹೆಗಲ ಮೇಲಿಂದ ಗೇಟನ್ನೇ ನೋಡುತ್ತಿತ್ತು. ಗೇಟಿನಲ್ಲಿ ಕಾಶಿರಾಯ ಬಾಯಿ ತೆರೆದು ನಿಂತಿದ್ದ. ಎಲ್ಲರ ದನಿ ಬಲ್ಲವನಿಗೆ ತನ್ನ ದನಿಯೇ ಬರಲಿಲ್ಲ.

ಮರುದಿನ ಸುಸಲಾ ಮನೆಯಲ್ಲಿ ಉಳಿಯಿತು. ಓಣಿಯ ಶಾಂತಿ ಹೋಯಿತು. ಸಂಜೆ ಸೂಗಮ್ಮ ಬಾಗಿಲಲ್ಲೇ ನಿಂತಿದ್ದಳು.

"ಮತ್ತ ಶುರು ಮಾಡ್ತಲ್ಲ ಜಯಾ ಇದು! ಈ ವಾರದಾಗ ನಾಯಿ ಇಲ್ಲಾ ಮನಿ. ಯಾದರೇ ಒಂದು ಬಿಡು."

ಇಡೀ ರೊಟ್ಟಿ ತಟ್ಟೆಯಲ್ಲೇ ಇತ್ತು. ಸುಸಲಾ ಮುಟ್ಟಿರಲಿಲ್ಲ.

ಬೇರೆ ದಾರಿ ಕಾಣದೆ ಮರುದಿನ ಅದನ್ನು ಚೀಲದಲ್ಲಿ ಮುಚ್ಚಿಕೊಂಡು ಬಸ್ಸು ಹತ್ತಿದಳು. ಕಮಲಾಪುರದ ಎಕ್ಸ್‌ಚೇಂಜಿನಲ್ಲಿ ಶಾರದಾಬಾಯಿ ಕಣ್ಣು ಅರಳಿಸಿದಳು. "ಯವ್ವಾ! ಹೊಸಾ ಆಪರೇಟರ್ ಏನ? ಇವತ್ತೊಂದ್ ದಿನ ಮೂಲ್ಯಾಗ ಕೂಡ್ಸು. ಸಾಹೇಬ್ರು ಬಂದ್ರ ನಾ ಬೊಗಳಿ ಹೇಳ್ತೇನಿ."

ಬೆಳಗ್ಗೆಯಿಂದ ಸುಸಲಾ ರೊಟ್ಟಿ ಮೂಸಲಿಲ್ಲ. ಜಯದೇವಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಲೈನಿನ ಮೇಲೆ ಲೈನು ಜೋಡಿಸುತ್ತಿದ್ದಳು.

ಮಧ್ಯಾಹ್ನವಾಯಿತು. ಶಾರದಾಬಾಯಿ ಮೂಲೆಯ ಫೋನಿನಲ್ಲಿ ತಂಗಿಯ ಜೊತೆ ಮಾತಾಡುತ್ತಿದ್ದವಳು, "ತಡಿ, ಒಲಿ ಮ್ಯಾಲ ಚಹಾ ಇಟ್ಟೀನಿ" ಎಂದು ರಿಸೀವರನ್ನು ಸ್ಟೂಲಿನ ಮೇಲಿಟ್ಟು ಒಳಗೆ ಹೋದಳು.

ಎಷ್ಟು ಹೊತ್ತಾದರೂ ಆ ಲೈನು ಖಾಲಿಯಾಗಲಿಲ್ಲ. ಆಪರೇಟರ್‌ಗಳ ರೂಢಿಯಂತೆ ಜಯದೇವಿ ನಡುವೆ ಹೊಕ್ಕು ಕೇಳಿದಳು. "ಮಾತು ಮುಗೀತೇನ್ರಿ?"

"ಹ್ಹಾ... ಹ್ಹಾ... ಹ್ಹಾ... ಹ್ಹಾ..."

ಅದೇ ಉಸಿರು! ಇಲ್ಲಿ! ಈ ಕೋಣೆಯಲ್ಲೇ!

ಸರಕ್ಕನೆ ತಿರುಗಿದಳು.

ಸ್ಟೂಲಿನ ಮೇಲೆ ಮುಂಗಾಲಿಟ್ಟು, ರಿಸೀವರಿಗೆ ಎಡಗಿವಿ ಆನಿಸಿ, ಕಣ್ಣು ಅರ್ಧ ಮುಚ್ಚಿ... ಸುಸಲಾ ನಿಂತಿತ್ತು. ನಾಲಿಗೆ ಹೊರಗೆ. ಬಾಲ ಗಡಿಯಾರದ ಲೋಲಕ. ಈ ಭಂಗಿ ಅದಕ್ಕೆ ನಿತ್ಯದ್ದು ಎಂದು ಯಾರಾದರೂ ಹೇಳಬಹುದಿತ್ತು.

"ಸು...ಸಲಾ?" ಎಂದಳು ಜಯದೇವಿ. ಆ ದನಿ ರಿಸೀವರಿನಿಂದ ಅದರ ಕಿವಿಗೆ ಬಿದ್ದದ್ದೇ ತಡ, ಸುಸಲಾ ಕೆಳಗೆ ಹಾರಿ ಓಡಿಹೋಗಿ ರೊಟ್ಟಿಗೆ ಬಾಯಿ ಹಾಕಿತು. ತಟ್ಟೆ ನೆಕ್ಕಿ ಸ್ವಚ್ಛ!

ಜಯದೇವಿ ಎರಡೂ ಕೈ ಬಾಯಿಗೆ ಒತ್ತಿಕೊಂಡಳು.

ಮಧ್ಯಾಹ್ನ ತನ್ನ ದನಿ ಕೇಳದೆ ಸುಸಲಾ ಉಣ್ಣುತ್ತಿರಲಿಲ್ಲ; ಈಗ ಆ ದನಿ ಫೋನಿನಲ್ಲೇ ಬರಬೇಕು ಅನ್ನುವಷ್ಟು ರೂಢಿಯಾಗಿಬಿಟ್ಟಿತ್ತು. ಅದಕ್ಕಾಗಿ ಅವನು... ದಿನಾ ಇದನ್ನು ಅಂಗಡಿಗೆ ಕರೆದೊಯ್ದು... ನಾಲ್ಕು ಕಾಲಿನವರ ಕಾಲ್ ಅದು! 'ನಾಯಿ' ಅಂತ ಬೈದಿದ್ದೆನಲ್ಲ, ಅದೊಂದು ಮಾತ್ರ ಸರಿಯಾಗಿತ್ತು!

ಅಳುವೂ ನಗುವೂ ಒಟ್ಟಿಗೇ ಬಂದವು. ಚಹಾ ಹಿಡಿದು ಬಂದ ಶಾರದಾಬಾಯಿಗೆ ಅರ್ಧ ಮಾತಿನಲ್ಲೇ ಎಲ್ಲ ತಿಳಿಯಿತು.

"ನನ್ನ ಮಾರಿ ಏನ್ ನೋಡ್ತಿ? ಹಚ್ಚ ಕುಸನೂರಿಗೆ!"

ಕಲಬುರಗಿಯ ಆಪರೇಟರ್ ಲೈನು ಜೋಡಿಸಿದಳು. ಆ ಕಡೆ ಇಮಾಮುದ್ದೀನ್ ಎತ್ತಿದ. ಕಮಲಾಪುರ ಎಂದು ಕೇಳಿದ್ದೇ, "ಏ ಕಾಶಿರಾಯಾ! ಜಲ್ದೀ ಬಾ ಮಾರಾಯಾ! ಇವತ್ತ ಅವರ ಫೋನ್ ಮಾಡ್ಯಾರ!" ಎಂದು ಕೂಗಿದ್ದು ಇಲ್ಲಿಗೇ ಕೇಳಿಸಿತು.

ಧಡಧಡ ಹೆಜ್ಜೆ ಸದ್ದು. ಆಮೇಲೆ...

"ಹ್ಹಾ... ಹ್ಹಾ... ಹ್ಹಾ..."

ಜಯದೇವಿಯ ಕೆನ್ನೆಯ ಮೇಲೆ ಕಣ್ಣೀರು, ತುಟಿಯಲ್ಲಿ ನಗು. "ಈ ಉಸಿರು ಯಾರದ್ರಿ?"

"ಈ ಸಲ... ನಂದ್ರಿ."

"ಮೊದಲ ಯಾಕ ಹೇಳಲಿಲ್ರಿ?"

"ಉಪವಾಸ ಬಿದ್ರ ಕರ್ಕೊಂಡು ಹೋಗ್ತೇನಿ ಅಂದಿದ್ರಿ. ಅದೇ ಅಂಜಿಕಿ. ನಿಮ್ಮ ದನಿ ತೆಗಿಯಾಕ ನಾನೂ ಕಸರತ್ತು ಮಾಡ್ದೆ. ಸುಸಲಾ ಅವರು ನನ್ನ ಮಾರಿ ನೋಡಿ ಆ ಕಡಿ ತಿರುಗಿ ಮಲಗಿಬಿಟ್ರು! ಕಡೀಕ ಫೋನ್ ಒಂದ ದಾರಿ ಉಳೀತು. ನಾ ಮಾತಾಡಿದ್ರ ನಿಮ್ಮ ನೌಕರಿಗೆ ತ್ರಾಸಂತ ಸುಮ್ಮನಿರ್ತಿದ್ದೆ."

"ಮತ್ತ ನಾ ಅಷ್ಟ್ ಬೈದದ್ದು?"

"ಬೈದ್ರಿ? ಯಾವಾಗ್ರಿ? ರಿಸೀವರ್ ಸುಸಲಾನ ಕಿವಿಗೆ ಇರ್ತಿತ್ತು. ನನ್ನ ಕಿವಿಗೆ ಒಂದ್ ದಿನಾನೂ ಹಿಡಿಲಿಲ್ಲ..." ಅವನ ದನಿ ಇಳಿಯಿತು. "ಹಿಡೀಬೇಕಂತ ಭಾಳ ಆಸೆ ಆಗ್ತಿತ್ತು. ಆದ್ರ ಅದು ನನ್ನ ಪಾಲಿನ ದನಿ ಅಲ್ಲ ಅಂತ..."

ಜಯದೇವಿ ಕಣ್ಣು ಮುಚ್ಚಿಕೊಂಡಳು. "ಹಂಗಾರ ಈಗ ಹಿಡೀರಿ. ಇವತ್ತಿಂದ ಅದು ನಿಮ್ಮ ಪಾಲಿನದೂ ಹೌದು."

ಆ ಕಡೆ ಈಗ ಉಸಿರೂ ಇಲ್ಲ!

"ಕಾಶಿರಾಯರ? ಅದೀರೇನ್ರಿ?"

"ಅದೀನ್ರಿ... ಒಂದ್ ಮಾತು ಕೇಳ್ತೇನಿ. ಇದು ಯಾರ ದನೀನೂ ಅಲ್ಲ, ನಂದ. ನಿಮ್ಮ ಮಾಲಕಿಗೆ ಮನಿ ಖಾಲಿ ಮಾಡ್ತೇನಿ ಅಂತ ಹೇಳಿಬಿಡ್ರಿ."

"ಹೇಳಿ? ಎಲ್ಲಿಗೆ ಹೋಗ್ಲಿ?"

"ಕುಸನೂರಿಗೆ. ಇಲ್ಲಿ ಸುಸಲಾ ಎಷ್ಟ್ ಒದರಿದ್ರೂ ಬೈಯಾವ್ರಿಲ್ಲ. ನೀವು ಬೈದ್ರ ಕೇಳಾಕ ನಾ ಅದೀನಿ."

ಶಾರದಾಬಾಯಿಯ ಚಹಾ ಅರ್ಧ ಸೀರೆಗೆ ಚೆಲ್ಲಿತ್ತು. ಅವಳಿಗೆ ಪರಿವೆಯಿಲ್ಲ.

"ಮೊದಲ ಅರ್ಧ ದಿನ ಬಿಟ್ಟು ನೋಡಬೇಕಲ್ರಿ?" ಎಂದಳು ಜಯದೇವಿ ತುಂಟತನದಿಂದ.

"ಬ್ಯಾಡ್ರಿ! ಒಂದ್ ದಿನ ನೀವಿಲ್ದ ನೋಡೀನಿ. ನಂಗ ಊಟ ಸೇರಲಿಲ್ಲ."

ಅಷ್ಟರಲ್ಲಿ ಕಲಬುರಗಿಯ ಆಪರೇಟರ್ ನಡುವೆ ಬಂದಳು. ಪಾಪ, ಅವಳ ದನಿಯೂ ಒದ್ದೆಯಾಗಿತ್ತು. "ಮೂರು ನಿಮಿಷ ಆತ್ರಿ. ಕಟ್ ಮಾಡ್ಲೋ, ಮುಂದುವರಿಸ್ಲೋ?"

"ಮುಂದುವರಿಸ್ರಿ!" ಎಂದ ಕಾಶಿರಾಯ.

"ಮುಂದುವರಿಸ್ರಿ..." ಎಂದಳು ಜಯದೇವಿ.

"ಬೌ!" ಎಂದಿತು ಸುಸಲಾ.